ಕೆಲಸ ಹೋಗಿದೆ. ಆರು ತಿಂಗಳು ಕೂತು ಕಾದಂಬರಿ ಮುಗಿಸಲೇ, ಬೇರೆ ಕೆಲಸ ಹುಡುಕಲೇ?

ಮಾರಾಯ್ರೇ, ನನ್ನದೂ ಇದೇ ಕಥೆ. ನಾನಿರುವುದು ಡೊಂಬಿವಲಿಯಲ್ಲಿ. ಕೆಲಸ ಹೋದಾಗ ಬೇಜಾರಿಗಿಂತ ಖುಷಿಯೇ ಜಾಸ್ತಿ ಆಗಿತ್ತು, ಹೆಂಡತಿಗೆ ಹೇಳಿರಲಿಲ್ಲ ಅಷ್ಟೇ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರ ಮಾತು ರೆಕಾರ್ಡ್ ಮಾಡಬೇಕು ಅಂತ ಬಹಳ ದಿನದಿಂದ ತಲೆಯಲ್ಲಿತ್ತು. ಹಗಲೆಲ್ಲ ಅಲ್ಲಿನ ಫೋರ್ಟ್ ಏರಿಯಾದ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿ ಶಾಲೆಗೆ ಓಡಿದ ಉಡುಪಿ, ಕುಂದಾಪುರದ ಹುಡುಗರು ಈಗ ಅಜ್ಜಂದಿರು.

ಮೊದಲ ರೆಕಾರ್ಡಿಂಗ್ ಮಾಟುಂಗದಲ್ಲಿ, ಮೇ ತಿಂಗಳ ಸೆಕೆಯಲ್ಲಿ. ಸದ್ದು ಬರುತ್ತದೆ ಅಂತ ಫ್ಯಾನ್ ಆಫ್ ಮಾಡಿಸಿದೆ. ಅಜ್ಜ ಬೈರಾಸಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಹದಿನೇಳರ ಮಗ್ಗಿ ಒಪ್ಪಿಸಿದರು. ಮಕ್ಕಳು ತೂಕಡಿಸಬಾರದು ಅಂತ ಮೇಷ್ಟ್ರು ನಿಲ್ಲಿಸಿಯೇ ಹೇಳಿಸುತ್ತಿದ್ದರಂತೆ.

ಅಷ್ಟರಲ್ಲಿ ಅಮ್ಮನಿಗೆ ಹೊಟ್ಟೆನೋವು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಲೇಬೇಕು. ಆಫೀಸಿನ ಇನ್ಶೂರೆನ್ಸ್ ಕಾರ್ಡ್ ಹಿಡಿದು ಕ್ಯಾಶ್‌ಲೆಸ್ ಕೌಂಟರಿಗೆ ಹೋದೆ. ಹುಡುಗಿ ನಂಬರ್ ಒತ್ತಿ ನೋಡಿ ಕಾರ್ಡ್ ವಾಪಸ್ ಕೊಟ್ಟಳು. ಪಾಲಿಸಿ ಚಾಲ್ತಿಯಲ್ಲಿಲ್ಲ.

ನನ್ನ ತಲೆಯಲ್ಲಿ ಏನಿತ್ತು ಗೊತ್ತಾ? ಕಾರ್ಡಿನ ಮೇಲೆ ಮಾರ್ಚ್‌ವರೆಗೆ ಅಂತ ಅಚ್ಚಾಗಿದೆ, ಹಾಗಾದರೆ ಮಾರ್ಚ್‌ವರೆಗೆ ಇದ್ದೇ ಇರುತ್ತದೆ ಅಂತ. ಆ ತಾರೀಖು ಕಂಪನಿಯ ಪಾಲಿಸಿಯದು, ನನ್ನದಲ್ಲ. ಸಾಮಾನ್ಯವಾಗಿ ನಾವು ಹೊರಬಿದ್ದ ದಿನವೇ ನಮ್ಮ ಹೆಸರು, ಅಪ್ಪ ಅಮ್ಮನ ಹೆಸರು ಎಲ್ಲ ಪಟ್ಟಿಯಿಂದ ಹೋಗುತ್ತದೆ. ಬಿಡುವ ಮೊದಲೇ ಕೇಳಿದ್ದರೆ ಅದೇ ಇನ್ಶೂರೆನ್ಸ್ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬಹುದಿತ್ತು. ಅದಕ್ಕೆ ಮೈಗ್ರೇಷನ್ ಅಂತಾರೆ. ಒಪ್ಪುವುದು ಬಿಡುವುದು ಅವರ ಕೈಯಲ್ಲಿ, ಪ್ರೀಮಿಯಂ ನಮ್ಮ ಜೇಬಿನದು. ಆದರೆ ಒಪ್ಪಿದರೆ ಹಳೆಯ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಹೊಸದಾಗಿ ಕೊಂಡರೆ ಮೊದಲಿಂದ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಈ ಕಾಯುವ ಅವಧಿ 2024ರ ನಿಯಮದ ಪ್ರಕಾರ 3 ವರ್ಷದವರೆಗೂ ಇರಬಹುದು. ಪಿತ್ತಕೋಶದ ಕಲ್ಲು, ಹರ್ನಿಯಾ ಇಂಥವಕ್ಕೂ ಸಾಮಾನ್ಯವಾಗಿ ಕಾಯಿಸುತ್ತಾರೆ. ಎಚ್‌ಆರ್ ಕಳಿಸಿದ ಕೊನೆಯ ಮೇಲ್‌ನಲ್ಲಿ ಪಾಲಿಸಿ ನಿಲ್ಲುವ ವಿಷಯ ಒಂದು ಸಾಲು ಇತ್ತು. ನಾನು ದುಡ್ಡಿನ ಅಂಕಿ ನೋಡಿ ಮುಚ್ಚಿದ್ದೆ.

ಬಿಲ್ಲಿಗೆ ಕೈಯಲ್ಲಿದ್ದದ್ದೆಲ್ಲ ಹೋಯಿತು. ಸಿಕ್ಕಿದ ಕೆಲಸ ಹಿಡಿದೆ. ಮಾತಾಡಲು ಒಪ್ಪಿದ್ದ ಇನ್ನೊಬ್ಬರು ಆ ಹೊತ್ತಿಗೆ ಹೋಟೆಲ್ ಮಗನಿಗೆ ಬಿಟ್ಟು ಬ್ರಹ್ಮಾವರಕ್ಕೆ ಹೊರಟುಹೋಗಿದ್ದರು.

ಹಾಗಾಗಿ ಕಾದಂಬರಿಯೋ ಕೆಲಸವೋ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಆಫೀಸಿನ ಕೊನೆಯ ದಿನ ಇನ್ನೂ ಬಂದಿಲ್ಲ ಅಂದರೆ ಇವತ್ತೇ ಮೈಗ್ರೇಷನ್ ಬಗ್ಗೆ ಎಚ್‌ಆರ್‌ಗೆ ಬರೆಯಿರಿ. ಬಂದುಹೋಗಿದ್ದರೂ ಒಮ್ಮೆ ಕೇಳಿ, ಇಲ್ಲ ಅಂದರೆ ಮನೆಯವರಿಗೆಲ್ಲ ಹೊಸ ಪಾಲಿಸಿ ಮಾಡಿಸಿ, ಆಮೇಲೆ ಪೆನ್ನು ಹಿಡಿಯಿರಿ. ಪಿಎಫ್ ಅಂತೂ ಮುಟ್ಟಬೇಡಿ. 5 ವರ್ಷದ ಸರ್ವಿಸ್ ಆಗುವ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ.

ಇನ್ನು ಆರು ತಿಂಗಳು ಪೂರ್ತಿ ಬಿಡುವು ಬೇಕು ಅನ್ನುವುದು ಸುಮ್ನೆ ನಮ್ಮ ಭ್ರಮೆ. ನಾನು ಇಡೀ ದಿನ ಖಾಲಿ ಇದ್ದರೂ ಹೋಟೆಲಿನವರು ಖಾಲಿ ಸಿಗುತ್ತಿದ್ದದ್ದು ಮಧ್ಯಾಹ್ನ ಮೂರರಿಂದ ನಾಲ್ಕು. ಉಳಿದ ಹೊತ್ತು ನಾನು ಯೂಟ್ಯೂಬಿನಲ್ಲಿ ಮೈಕ್ ರಿವ್ಯೂ ನೋಡುತ್ತಿದ್ದೆ. ಈಗ ಭಾನುವಾರ ಮಾತ್ರ ಹೋಗುತ್ತೇನೆ, ಆಗಿನದಕ್ಕಿಂತ ಜಾಸ್ತಿ ಕೆಲಸ ಆಗುತ್ತಿದೆ. ಫ್ಯಾನ್ ಆಫ್ ಮಾಡಿಸುವುದನ್ನು ಮಾತ್ರ ಬಿಟ್ಟಿದ್ದೇನೆ, ಪಾಪ ವಯಸ್ಸಾದವರು.