ಸ್ಮರಣ ಸಂಚಿಕೆಗೆ ಬಾಸ್ಕರ್‌ವಿಲ್ ಆಗುತ್ತಾ?

ಪ್ರಶ್ನೆ: ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಕೆಲವು ಇಂಗ್ಲಿಷ್ ಪುಟಗಳೂ ಇವೆ. ಅವಕ್ಕೆ ಬಾಸ್ಕರ್‌ವಿಲ್ ಫಾಂಟ್ ಹಾಕಬಹುದಾ?
– ಓದುಗರೊಬ್ಬರು, ಡೊಂಬಿವಲಿ, ಮುಂಬಯಿ

ಉತ್ತರ: ಧಾರಾಳವಾಗಿ ಹಾಕಿ, ಆದರೆ ಮೊದಲು ಕಾಗದ ನೋಡಿಕೊಳ್ಳಿ. ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ 1750ರ ದಶಕದಲ್ಲಿ ರೂಪಿಸಿದ ಅಕ್ಷರ ಇದು. ದಪ್ಪ ಗೆರೆಗೂ ಸಣ್ಣ ಗೆರೆಗೂ ವ್ಯತ್ಯಾಸ ಜಾಸ್ತಿ, ತುದಿಗಳು ಚೂಪು. ಆ ಸಣ್ಣ ಗೆರೆಗಳು ಚೆನ್ನಾಗಿ ಮೂಡಲಿ ಅಂತ ಆತ ನುಣುಪು ಕಾಗದ, ಕಡುಗಪ್ಪು ಶಾಯಿ ಬಳಸಿದ, ಸಾಲದ್ದಕ್ಕೆ ಅಚ್ಚಾದ ಹಾಳೆಗಳನ್ನು ಬಿಸಿ ತಾಮ್ರದ ತಗಡುಗಳ ನಡುವೆ ಒತ್ತಿಸಿದ (ಹಟಮಾರಿ, ಅಲ್ವಾ!). ಅಗ್ಗದ ಒರಟು ಕಾಗದದಲ್ಲಿ ಆ ಸಣ್ಣ ಗೆರೆಗಳು ಮಸುಕಾಗುತ್ತವೆ. ಲೇಖನಗಳಿಗೆ 11 ಪಾಯಿಂಟ್ ಇಡಿ, ಸಾಲುಗಳ ನಡುವೆ ಜಾಗ ಬಿಡಿ. ಜಾಹೀರಾತಿನ ಪುಟ್ಟ ಅಕ್ಷರಕ್ಕೆ ಮಾತ್ರ ಬೇಡ, ಅಲ್ಲಿ ಟೈಮ್ಸ್ ಫಾಂಟ್ ಸಾಕು.