ಎನ್‌ಮ್ಯಾಪ್ 7.91ಆ, 7.80ಆ?

ಡೆಬಿಯನ್ ಅನ್ನುವ ಲಿನಕ್ಸ್‌ನ 11ನೇ ಆವೃತ್ತಿಯಲ್ಲಿ, ನೆಟ್‌ವರ್ಕ್ ಜಾಲಾಡುವ ಎನ್‌ಮ್ಯಾಪ್ ಪ್ಯಾಕೇಜಿನ ವರ್ಷನ್ '7.91+ಡಿಎಫ್ಎಸ್‌ಜಿ1+ರಿಯಲಿ7.80' ಅಂತ ಶುರುವಾಗುತ್ತದೆ, ಯಾವ ನಂಬರ್ ನಂಬಲಿ ಅಂತ ಕೇಳಿದ್ದೀರಿ. 'ರಿಯಲಿ' ಆದಮೇಲೆ ಇರುವುದನ್ನು ನಂಬಿ. ಒಳಗಿರುವುದು 7.80. ಟರ್ಮಿನಲ್‌ನಲ್ಲಿ ಎನ್‌ಮ್ಯಾಪ್‌ನ ವರ್ಷನ್ ಕೇಳಿದರೂ ಅದನ್ನೇ ಹೇಳುತ್ತದೆ.

ಆಗಿದ್ದು ಇಷ್ಟು. 2020ರ ಅಕ್ಟೋಬರ್‌ನಲ್ಲಿ 7.90 ಬಂತು, ಜೊತೆಗೆ ಲೈಸೆನ್ಸೂ ಬದಲಾಯಿತು. ಅಲ್ಲಿವರೆಗೆ ಎನ್‌ಮ್ಯಾಪ್‌ನವರು ಜಿಪಿಎಲ್ 2 ಅನ್ನುವ ಮುಕ್ತ ತಂತ್ರಾಂಶದ ಲೈಸೆನ್ಸಿಗೆ ತಮ್ಮದೊಂದಿಷ್ಟು ಷರತ್ತು ಸೇರಿಸಿ ಕೊಡುತ್ತಿದ್ದರು. ಆಮೇಲೆ ಎನ್‌ಪಿಎಸ್ಎಲ್ ಅನ್ನುವ ಸ್ವಂತ ಲೈಸೆನ್ಸ್. ಅಷ್ಟರಲ್ಲಿ 7.91 ಡೆಬಿಯನ್ ಒಳಗೆ ಸೇರಿಬಿಟ್ಟಿತ್ತು. ಈ ಲೈಸೆನ್ಸ್ ಡೆಬಿಯನ್‌ನ ಮುಕ್ತ ತಂತ್ರಾಂಶದ ನಿಯಮಗಳಿಗೆ ಹೊಂದುತ್ತದಾ ಅಂತ ತಕರಾರು ಎದ್ದು, ವಾಪಸ್ 7.80ಕ್ಕೆ ಬಂದರು. ಆ ನಿಯಮಗಳ ಗಿಡ್ಡ ಹೆಸರೇ ಡಿಎಫ್ಎಸ್‌ಜಿ.

ಆದರೆ ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ, ಅಪ್‌ಡೇಟ್ ಮಾಡುವ ಏಪಿಟಿ ತಾನಾಗಿ ಕೆಳಗಿನ ನಂಬರಿಗೆ ಇಳಿಯುವುದಿಲ್ಲ. ಅದಕ್ಕೆ 7.91 ಮುಂದಿಟ್ಟು, ನಿಜವಾದ್ದನ್ನು ಹಿಂದೆ ಬರೆಯುವುದು. ಇನ್ನೊಂದು ದಾರಿ ಎಪಾಕ್, ಅಂದರೆ ವರ್ಷನ್ ಮುಂದೆ '1:' ಹಾಕುವುದು. ಅದು ಹಚ್ಚೆ ಇದ್ದ ಹಾಗೆ, ಒಮ್ಮೆ ಹಾಕಿದರೆ ಹೋಗಲ್ಲ. ನೋಡೋಕೆ ವಿಕಾರವಾದರೂ 'ರಿಯಲಿ'ಯೇ ವಾಸಿ ಅಂತ ನನ್ನ ಲೆಕ್ಕ.

ಇದರ ಬಿಸಿ ನನಗೂ ತಟ್ಟಿದೆ. ಆಫೀಸಿನ ಸರ್ವರ್‌ಗಳಿಗೆ ಎನ್‌ಮ್ಯಾಪ್ ಪ್ಯಾಕೇಜ್ ಕಟ್ಟುವುದು ನನ್ನ ಕೆಲಸ. ಎನ್‌ಮ್ಯಾಪ್ ಪೋರ್ಟ್‌ಗಳ (ನೆಟ್‌ವರ್ಕ್‌ನ ನಂಬರಿನ ಬಾಗಿಲುಗಳ) ಹೆಸರು ಹುಡುಕುವ ಫೈಲಿಗೆ ನಮ್ಮ ಅಪ್ಲಿಕೇಶನ್‌ಗಳ ಪೋರ್ಟ್‌ಗಳನ್ನೂ ಸೇರಿಸಿ, 7.80 ಅಂತಲೇ ನಂಬರ್ ಕೊಟ್ಟು ಕಟ್ಟಿದ್ದೆ. ಡೆಬಿಯನ್ 11ಕ್ಕೆ ಹೋದ ದಿನ ಏಪಿಟಿ ಅದನ್ನು ಸದ್ದಿಲ್ಲದೆ ತೆಗೆದು ಡೆಬಿಯನ್‌ನದನ್ನು ಕೂರಿಸಿತು. ಅದರ ಕಣ್ಣಿಗೆ 7.91 ದೊಡ್ಡದು ತಾನೇ! ಒಳಗೆ ಅದೇ 7.80, ನಾನು ಸೇರಿಸಿದ ಹೆಸರುಗಳು ಮಾತ್ರ ಮಾಯ. ರಿಪೋರ್ಟ್ ತುಂಬಾ 'ಅನ್‌ನೋನ್' ನೋಡಿ ಅರ್ಧ ದಿನ ನೆಟ್‌ವರ್ಕ್‌ನವರ ಜೊತೆ ಸುಮ್ನೆ ಜಗಳ ಆಡಿದೆ. ಈಗ ನನ್ನ ಪ್ಯಾಕೇಜನ್ನು ಏಪಿಟಿ ಬದಲಿಸದ ಹಾಗೆ ಪಿನ್ ಮಾಡಿಟ್ಟಿದ್ದೇನೆ.

ಲೈಸೆನ್ಸನ್ನು ಎನ್‌ಮ್ಯಾಪ್‌ನವರು ಆಮೇಲೆ ತಿದ್ದಿದರು, ಡೆಬಿಯನ್ 12ರಲ್ಲಿ ನೇರವಾಗಿ 7.93 ಇದೆ. 11ರಲ್ಲೇ ಇದ್ದು ಅದನ್ನು ನೀವೇ ಕಟ್ಟಿಕೊಳ್ಳುವುದಾದರೆ ನಂಬರಿನ ಕೊನೆಗೆ '~' ಹಾಕಿ ನಿಮ್ಮ ಗುರುತು ಬರೆಯಿರಿ. ಅಲೆ ಗುರುತು ಇರುವುದನ್ನು ಏಪಿಟಿ ಒಂದು ಮೆಟ್ಟಿಲು ಕೆಳಗೆ ಎಣಿಸುತ್ತದೆ. ಹಾಗಾಗಿ ಮುಂದೆ 12ಕ್ಕೆ ಹೋದಾಗ ಡೆಬಿಯನ್‌ನ 7.93 ತಾನಾಗಿ ಬಂದು ಕೂರುತ್ತದೆ.