ನಿಮ್ಮ ಸುಗಿಹರ ಲೇಖನ ಓದಿದೆ

ನಮಸ್ಕಾರ.

ನೀವು ಕಳಿಸಿದ ಲೇಖನ ಬಂದು ಮೂರು ವಾರ ಆಯ್ತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಸಲ ಓದಿ ಪಕ್ಕಕ್ಕಿಟ್ಟೆ. ಎರಡನೇ ಸಲ ಓದಿದಾಗ ಸಿಟ್ಟು ಬಂತು. ಸಿಟ್ಟು ಬಂದರೆ ಮಾತ್ರ ನಾನು ಇಷ್ಟುದ್ದ ಬರೆಯುವುದು. ಉಳಿದವರಿಗೆಲ್ಲ ಎರಡು ಸಾಲಿನ ವಿಷಾದ ಪತ್ರ ಹೋಗುತ್ತದೆ.

ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಭಾಷೆ ಸಲೀಸಾಗಿದೆ. 1940ರಲ್ಲಿ ಲಿಥುವೇನಿಯಾದ ಕೌನಾಸ್ ಊರಿನಲ್ಲಿ ಜಪಾನಿನ ವೈಸ್ ಕಾನ್ಸಲ್ ಆಗಿದ್ದ ಚಿಯುನೆ ಸುಗಿಹರ ಸಾವಿರಾರು ಯಹೂದಿಗಳಿಗೆ ವೀಸಾ ಬರೆದುಕೊಟ್ಟ ಕತೆ ಕನ್ನಡದಲ್ಲಿ ಬರಬೇಕಾದ್ದೇ. ಈಗ ಮೂರನೇ ಪ್ಯಾರಾಕ್ಕೆ ಬನ್ನಿ.

‘ನಾಜಿ ಬೂಟುಗಳ ಸದ್ದು ಬೀದಿಬೀದಿಯಲ್ಲಿ ಮೊಳಗುತ್ತಿತ್ತು. ಗೇಟಿನ ಹೊರಗೆ ನಿಂತವರನ್ನು ಕಂಡು ಆ ಮಹಾಮಾನವನ ಕಣ್ಣುಗಳು ತುಂಬಿ ಬಂದವು. ಕರುಣೆಯ ಕಡಲಾದ ಅವರು ಲೇಖನಿ ಕೈಗೆತ್ತಿಕೊಂಡರು.’

ಬೂಟಿನಿಂದಲೇ ಶುರು ಮಾಡೋಣ. ಆ ಬೇಸಿಗೆಯಲ್ಲಿ ಕೌನಾಸ್ ಬೀದಿಯಲ್ಲಿದ್ದದ್ದು ಸೋವಿಯತ್ ಸೈನಿಕರ ಬೂಟು. ಅವರು ಬಂದದ್ದು ಜೂನ್ 15ಕ್ಕೆ. ಜರ್ಮನ್ನರು ಅಲ್ಲಿಗೆ ಕಾಲಿಟ್ಟದ್ದು ಮರುವರ್ಷದ ಜೂನ್‌ನಲ್ಲಿ. ಗೇಟಿನ ಹೊರಗಿದ್ದವರಲ್ಲಿ ಹೆಚ್ಚಿನವರು 1939ರಲ್ಲಿ ಪೋಲೆಂಡ್ ಬಿದ್ದಾಗ ಓಡಿಬಂದ ಯಹೂದಿಗಳು. ಪಶ್ಚಿಮಕ್ಕೆ ಹೋದರೆ ಹಿಟ್ಲರ್. ಇದ್ದಲ್ಲೇ ಇದ್ದರೆ ಸ್ಟಾಲಿನ್. ದೂತಾವಾಸಗಳನ್ನೆಲ್ಲ ಮುಚ್ಚಿ ಎಂದು ಸೋವಿಯತ್‌ನವರು ಬೇರೆ ಹೇಳಿದ್ದರು. ಉಳಿದದ್ದು ಒಂದೇ ದಾರಿ: ಸೈಬೀರಿಯಾ ದಾಟುವ ರೈಲು ಹತ್ತಿ ವ್ಲಾಡಿವೊಸ್ಟಾಕ್, ಅಲ್ಲಿಂದ ಹಡಗಿನಲ್ಲಿ ಜಪಾನಿನ ತ್ಸುರುಗಾ ಬಂದರು. ಯುರೋಪಿನ ಜನ ಜಪಾನಿನ ಬಾಗಿಲಿಗೆ ಯಾಕೆ ಬಂದರು ಅಂತ ಓದುಗ ಕೇಳ್ತಾನೆ ಅಲ್ವಾ? ನಿಮ್ಮ ಬೂಟಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸುವುದಿಲ್ಲ.

ಕಣ್ಣು ತುಂಬಿ ಬಂದದ್ದು ನಿಮಗೆ ಹೇಗೆ ಗೊತ್ತಾಯಿತೋ ನಾನು ಕೇಳುವುದಿಲ್ಲ. ‘ಕರುಣೆಯ ಕಡಲು’ ಹೊಡೆದುಹಾಕಿದ್ದೇನೆ.

‘ಲೇಖನಿ ಕೈಗೆತ್ತಿಕೊಂಡರು.’ ಸರಿ, ಎತ್ತಿಕೊಂಡು ಏನು ಬರೆದರು? ನನಗೆ ಸಿಟ್ಟು ಬಂದದ್ದು ಇಲ್ಲಿ. ಹನ್ನೊಂದು ಪುಟದಲ್ಲಿ ಎಲ್ಲೂ ಅದು ಇಲ್ಲ. ಅವರು ಬರೆದದ್ದು ಟ್ರಾನ್ಸಿಟ್ ವೀಸಾ, ಅಂದರೆ ಜಪಾನನ್ನು ಹಾದು ಮುಂದಕ್ಕೆ ಹೋಗಲು ಮಾತ್ರ. ಮುಂದೆ ಹೋಗುವ ದೇಶದ ಅನುಮತಿ ಇರಬೇಕು, ಕೈಯಲ್ಲಿ ದುಡ್ಡಿರಬೇಕು, ಇಲ್ಲದವರಿಗೆ ಕೊಡಬೇಡಿ ಅಂತ ಟೋಕಿಯೊ ತಂತಿ ಕಳಿಸಿತ್ತು. ಹಾಗಾದರೆ ಆ ಜನ ಹೊರಟದ್ದು ಯಾವ ದೇಶಕ್ಕೆ?

ಕ್ಯುರಾಸೊಗೆ! ಕೆರಿಬಿಯನ್ ಸಮುದ್ರದ ಒಂದು ಡಚ್ ದ್ವೀಪ. ಪೆಸ್ಲಾ ಲೆವಿನ್ ಎಂಬ ಹೆಂಗಸು ಮೊದಲು ಡಚ್ ಪ್ರಜೆಯಾಗಿದ್ದವರು. ಆಕೆ ಪಕ್ಕದ ಲಾಟ್ವಿಯಾದ ರಿಗಾದಲ್ಲಿದ್ದ ಡಚ್ ರಾಯಭಾರಿ ಡಿ ಡೆಕರ್ ಅವರಿಗೆ ಕಾಗದ ಬರೆದರು. ನಿಯಮದಲ್ಲಿ ಎರಡು ಭಾಗ ಇತ್ತು. ಸುರಿನಾಮ್, ಕ್ಯುರಾಸೊ ಮುಂತಾದ ಕಡೆ ಹೋಗಲು ವೀಸಾ ಬೇಕಿಲ್ಲ ಅನ್ನುವುದು ಮೊದಲನೆಯದು. ಆದರೆ ಇಳಿಯಲು ಅಲ್ಲಿನ ಗವರ್ನರ್ ಅನುಮತಿ ಕೊಡಬೇಕು ಅನ್ನುವುದು ಎರಡನೆಯದು. ಗವರ್ನರ್ ಕೊಡುತ್ತಿದ್ದದ್ದು ಅಪರೂಪ. ಎರಡನೇ ಭಾಗ ಬಿಟ್ಟು ಬರೆದುಕೊಡಿ ಅಂತ ಪೆಸ್ಲಾ ಕೇಳಿದರು. ರಾಯಭಾರಿ ಬಿಟ್ಟೇ ಬರೆದುಕೊಟ್ಟರು.

ಕೌನಾಸ್‌ನಲ್ಲಿ ಅದನ್ನೇ ನಕಲು ಮಾಡಿದವರು ಯಾನ್ ಜ್ವಾರ್ಟೆಂಡೈಕ್. ಇವರು ವೃತ್ತಿಯಲ್ಲಿ ರಾಯಭಾರಿಯೇ ಅಲ್ಲ. ಫಿಲಿಪ್ಸ್ ಕಂಪನಿಯ ಮ್ಯಾನೇಜರ್. ಡಚ್ ಕಾನ್ಸಲ್ ಕೆಲಸ ತಲೆಗೆ ಬಿದ್ದು ಕೆಲವೇ ವಾರ ಆಗಿತ್ತು. ಜುಲೈ 24ರಿಂದ ಆಗಸ್ಟ್ 3ರೊಳಗೆ ಎರಡು ಸಾವಿರಕ್ಕೂ ಹೆಚ್ಚು ಸಲ ಆ ಅರ್ಧ ನಿಯಮ ಬರೆದುಕೊಟ್ಟರು. ಜನ ಆ ಕಾಗದ ಹಿಡಿದು ಸುಗಿಹರರ ಗೇಟಿಗೆ ಬಂದರು. ಸುಗಿಹರ ಅದು ಟೊಳ್ಳು ಅಂತ ಗೊತ್ತಿದ್ದೂ ಸಾಕು ಅಂದುಕೊಂಡರು. ಅದೂ ಇಲ್ಲದೆ ಬಂದ ಕೆಲವರಿಗೂ ಬರೆದರು. ಅವರ ಪಟ್ಟಿಯಲ್ಲಿ ಇರುವುದು 2,140 ಹೆಸರು. ಎಷ್ಟೋ ವೀಸಾಗಳನ್ನು ಕೈಯಲ್ಲೇ ಬರೆದದ್ದು, ಜಪಾನಿ ಲಿಪಿಯಲ್ಲಿ, ಮೇಲಿಂದ ಕೆಳಕ್ಕೆ.

ನಾನು ಮೂವತ್ತು ವರ್ಷದಿಂದ ವಾಕ್ಯ ಕತ್ತರಿಸುವ ಕೆಲಸವನ್ನೇ ಮಾಡುತ್ತಿದ್ದೇನೆ. ಇಂಥ ಕತ್ತರಿ ಪ್ರಯೋಗ ಇನ್ನೊಂದು ನೋಡಿಲ್ಲ. ನೀವು ಜ್ವಾರ್ಟೆಂಡೈಕ್ ಹೆಸರನ್ನೇ ಎತ್ತಿಲ್ಲ. ಕ್ಯುರಾಸೊ ಇಲ್ಲ, ಪೆಸ್ಲಾ ಇಲ್ಲ. ಒಬ್ಬನೇ ದೇವರು ಇರಲಿ ಅಂತ ಉಳಿದವರನ್ನೆಲ್ಲ ಗುಡಿಯಿಂದ ಆಚೆ ಕಳಿಸಿದ್ದೀರಿ.

ಇದೇ ತಪ್ಪು ನಾನೂ ಮಾಡಿದ್ದೇನೆ. ಆಗ ಒಂದು ಜಿಲ್ಲಾ ಪತ್ರಿಕೆಯಲ್ಲಿ ಟ್ರೈನಿ. ಹೊಳೆ ಉಕ್ಕಿ ರಸ್ತೆ ಕಡಿದುಹೋದ ಊರೊಂದರಲ್ಲಿ ಗ್ರಾಮ ಲೆಕ್ಕಿಗ ಮೇಲಿನವರನ್ನು ಕೇಳದೆ ಚೀಟಿ ಬರೆದುಕೊಟ್ಟು, ನ್ಯಾಯಬೆಲೆ ಅಂಗಡಿಯಿಂದ ಜನಕ್ಕೆ ಅಕ್ಕಿ ಕೊಡಿಸಿದ್ದ. ‘ಮಾನವೀಯತೆಯ ಸಾಕಾರಮೂರ್ತಿ’ ಅಂತ ಹೆಡ್ಡಿಂಗ್ ಕೊಟ್ಟು ಎರಡು ಕಾಲಂ ಬರೆದೆ. ನಮ್ಮ ಚೀಫ್ ಸಬ್ ಎಡಿಟರ್ ಓದಿ, ಟೀ ಲೋಟ ಕೆಳಗಿಟ್ಟು ಕೇಳಿದರು: ‘ಚೀಟಿ ಮೇಲೆ ಏನಂತ ಬರೆದಿದ್ದನಯ್ಯಾ?’

ನಾನು ಚೀಟಿ ನೋಡಿಯೇ ಇರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಓಡಿಸಿದರು. ಕೊನೆಯ ನಾಲ್ಕು ಮೈಲಿ ಕೆಸರಲ್ಲಿ ನಡೆದೆ. ಅಷ್ಟರಲ್ಲಿ ಅಂಗಡಿಯವನು ಚೀಟಿಗಳನ್ನು ಲೆಕ್ಕಕ್ಕೆ ಅಂತ ಕಚೇರಿಗೆ ಒಪ್ಪಿಸಿಯಾಗಿತ್ತು. ಲೆಕ್ಕಿಗನನ್ನು ಹುಡುಕಿದರೆ ಆತ ಕೈ ಮುಗಿದ. ‘ಬರೀಬೇಡಿ ಸಾರ್, ನೋಟಿಸ್ ಬಂದಿದೆ. ನೀವು ಹೊಗಳಿದರೆ ನನ್ನ ಕೆಲಸ ಹೋಗುತ್ತೆ.’ ಸುದ್ದಿ ಬರಲಿಲ್ಲ. ಚೀಫ್ ಸಬ್ ಬೈಯಲೂ ಇಲ್ಲ. ಆ ಚೀಟಿಯಲ್ಲಿ ಏನಿತ್ತು ಅನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ. ನಿಮ್ಮ ಲೇಖನ ಓದುವಾಗ ಅದೇ ಕೆಸರು ನೆನಪಾಗುತ್ತಿತ್ತು.

ನಿಮಗೆ ಆ ಕಷ್ಟ ಇಲ್ಲ. ಜ್ವಾರ್ಟೆಂಡೈಕ್ ಬರೆದ ಸಾಲು, ಸುಗಿಹರ ಬರೆದ ವೀಸಾ, ಹೆಸರಿನ ಪಟ್ಟಿ, ಎಲ್ಲ ಉಳಿದಿವೆ. ಸುಮ್ನೆ ಒಂದು ಪಾಸ್‌ಪೋರ್ಟ್ ಪುಟ ತೆಗೆದುಕೊಂಡು ಅದರ ಮೇಲಿರುವ ಒಂದೊಂದು ಸೀಲನ್ನೂ ಹೇಳುತ್ತಾ ಹೋಗಿ. ನಿಮ್ಮ ಏಳನೇ ಪುಟದಲ್ಲಿ 1947ರಲ್ಲಿ ಸುಗಿಹರ ನೌಕರಿ ಕಳೆದುಕೊಂಡದ್ದು ಒಂದು ಸಾಲಿನಲ್ಲಿದೆ. ಅದನ್ನು ಹಾಗೇ ಇಡಿ, ಅಲ್ಲಿ ನೀವು ಕಣ್ಣೀರು ಹಾಕಿಸಿಲ್ಲ.

ಹನ್ನೊಂದು ಪುಟ ಜಾಸ್ತಿ, ಐದು ಸಾಕು. ದೀಪಾವಳಿ ಸಂಚಿಕೆಗೆ ಜಾಗ ಹಿಡಿದಿಟ್ಟಿರುತ್ತೇನೆ. ಯುನಿಕೋಡ್‌ನಲ್ಲೇ ಕಳಿಸಿ. ಕಳೆದ ಸಲ ನೀವು ‘ನುಡಿ’ ತಂತ್ರಾಂಶದಲ್ಲಿ ಕಳಿಸಿದ್ದು ಇಲ್ಲಿ ತೆರೆದಾಗ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿ, ಸುಗಿಹರ ಯಾರು, ಸೋವಿಯತ್ ಯಾರು ಅಂತಲೇ ಗೊತ್ತಾಗಲಿಲ್ಲ.